ಮರಳಿನ ದ್ವೀಪದಲ್ಲಿ ಓದೋಕೆ ಏನಿದೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೇಲಿ ಬ್ಯಾರಿಯರ್ ದ್ವೀಪಗಳ ಬಗ್ಗೆ ಅರ್ಧ ಪುಟ ಬರೆದಿದ್ದೆ. ದಂಡೆಯ ಉದ್ದಕ್ಕೂ, ಸಮುದ್ರಕ್ಕೂ ಊರಿಗೂ ನಡುವೆ ಮಲಗಿರೋ ಸಪೂರ ಮರಳು ದ್ವೀಪಗಳು, ಅವುಗಳ ಹಿಂದೆ ಹಿನ್ನೀರು, ಅಲ್ಲಿನ ಗಿಡ, ಪ್ರಾಣಿ, ನೆಲೆಗಳನ್ನ ಓದೋದೇ ಒಂದು ದೊಡ್ಡ ವಿದ್ಯೆ ಅಂತ. ಸಮುದ್ರ ಇಲ್ಲದ ಹಾಸನ, ಚಿಕ್ಕಮಗಳೂರಿಂದಲೇ ಜಾಸ್ತಿ ಪತ್ರ ಬಂದಿವೆ, ಹಾಗಾಗಿ ಈ ಸಲ ಅಂಕಣ ಪೂರ್ತಿ ಅದಕ್ಕೇ ಇಟ್ಟಿದೀನಿ.

ಸಾರ್, ನಮ್ಮನೆ ಸಾಲಗಾಮೆ ರೋಡಲ್ಲಿ, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಹತ್ರ. ಶ್ರೀಹರಿಕೋಟಾನೂ ಬ್ಯಾರಿಯರ್ ದ್ವೀಪ ಅಂತ ಬರೆದಿದ್ರಿ. ಮ್ಯಾಪಲ್ಲಿ ನೋಡಿದ್ರೆ ನೆಲಕ್ಕೆ ಅಂಟ್ಕೊಂಡಿರೋ ಥರ ಕಾಣುತ್ತೆ. ಮಲ್ಪೆ ಹತ್ರ ಸೇಂಟ್ ಮೇರೀಸ್ ದ್ವೀಪ ನೋಡಿದೀನಿ, ಅದೂ ಇದೂ ಒಂದೇನಾ?
– ಪಿಯುಸಿ ವಿದ್ಯಾರ್ಥಿ, ಹಾಸನ

ಒಂದೇ ಅಲ್ಲ ಕಣಪ್ಪ. ಸೇಂಟ್ ಮೇರೀಸ್ ಕಲ್ಲು. ಸುಮಾರು 9 ಕೋಟಿ ವರ್ಷದ ಹಿಂದೆ ಭಾರತ ಮಡಗಾಸ್ಕರ್‌ನಿಂದ ಬೇರೆ ಆಗ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗಿ ಆ ಕಂಬಗಳಾದವು, ಅಲೆ ಎಷ್ಟು ಬಡಿದ್ರೂ ಅವು ಇರೋ ಜಾಗ ಬಿಟ್ಟು ಹೋಗಲ್ಲ. ಬ್ಯಾರಿಯರ್ ದ್ವೀಪ ಬರೀ ಮರಳು. ಅಲೆ ದಂಡೆಗೆ ಓರೆಯಾಗಿ ಬಡಿದಾಗ ಮರಳು ದಂಡೆಗುಂಟ ಸರಿಯುತ್ತೆ, ಸರಿದಿದ್ದು ಒಂದು ಕಡೆ ಗುಡ್ಡೆ ಬೀಳುತ್ತೆ, ಅದರ ಮೇಲೆ ಗಿಡ ಹತ್ಕೊಂಡು ನಿಲ್ಲುತ್ತೆ. ಸಮುದ್ರದ ಮಟ್ಟ ಏರೋದು ನಿಧಾನ ಆಗಿದ್ದು ಈಗ್ಗೆ ಆರೇಳು ಸಾವಿರ ವರ್ಷದ ಈಚೆಗೆ, ಜಗತ್ತಿನ ಈಗಿನ ಬ್ಯಾರಿಯರ್ ದ್ವೀಪಗಳು ಹೆಚ್ಚುಕಡಿಮೆ ಎಲ್ಲಾ ಆಮೇಲೆ ಹುಟ್ಟಿದವು. ಅಮೆರಿಕದ ಟೆಕ್ಸಸ್ ದಂಡೇಲಿರೋ ಪ್ಯಾಡ್ರೆ ದ್ವೀಪ ಸುಮಾರು 180 ಕಿಲೋಮೀಟರ್ ಉದ್ದ, ಅಗಲ ಮಾತ್ರ ಕೆಲವೇ ಕಿಲೋಮೀಟರ್.

ಶ್ರೀಹರಿಕೋಟಾದ ಪೂರ್ವಕ್ಕೆ ಬಂಗಾಳಕೊಲ್ಲಿ, ಪಶ್ಚಿಮಕ್ಕೆ ಪುಲಿಕಾಟ್ ಸರೋವರ. ಚಿಲಿಕಾ ಬಿಟ್ರೆ ನಮ್ಮ ದೇಶದಲ್ಲಿ ಅದೇ ದೊಡ್ಡ ಉಪ್ಪುನೀರಿನ ಸರೋವರ. ಸೂಳೂರುಪೇಟೆಯಿಂದ ರೋಡು ಆ ಸರೋವರದ ನಡುವೆ ಹಾಯ್ಕೊಂಡೇ ದ್ವೀಪಕ್ಕೆ ಹೋಗುತ್ತೆ, ಸೀಸನ್ನಲ್ಲಿ ಎರಡೂ ಪಕ್ಕ ಫ್ಲೆಮಿಂಗೊ ನಿಂತಿರ್ತವೆ. ಬೇಸಿಗೇಲಿ ಸರೋವರದ ಒಂದಷ್ಟು ಭಾಗ ಒಣಗಿಬಿಡುತ್ತೆ, ಅದಕ್ಕೇ ನಿಂಗೆ ಅಂಟ್ಕೊಂಡಂಗೆ ಕಂಡಿರೋದು. ರಾಕೆಟ್‌ಗೆ ಆ ಜಾಗ ಆರಿಸಿದ್ದು ಪೂರ್ವಕ್ಕೆ ತೆರೆದ ಸಮುದ್ರ ಇದೆ ಅಂತ, ಭೂಮಿ ತಿರುಗೋ ದಿಕ್ಕಲ್ಲೇ ಹಾರಿಸಿದ್ರೆ ಅದರ ವೇಗವೂ ಸಿಗುತ್ತೆ ಅಂತ. ಅಲ್ಲಿಂದ ಮೊದಲ ರಾಕೆಟ್ ಹಾರಿದ್ದು 1971ರಲ್ಲಿ, ನಿಮ್ಮನೆ ಹತ್ರದ ಎಂಸಿಎಫ್ ಬಂದಿದ್ದು 1982ರಲ್ಲಿ. ಜನ ಓಡಾಡೋಕೆ ಬಿಡಲ್ಲ ಅಂತ ಆದಮೇಲೆ ಅಲ್ಲಿನ ಒಣ ನಿತ್ಯಹರಿದ್ವರ್ಣ ಕಾಡಲ್ಲಿ ಒಂದು ಭಾಗವೂ ಉಳ್ಕೊಂಡಿತು, ಕೋರಮಂಡಲ ದಂಡೇಲಿ ಬೇರೆ ಕಡೆ ಆ ಥರದ ಕಾಡು ಚೂರು ಚೂರಾಗಿ ಹೋಗಿದೆ. ಆದ್ರೆ ಆ ದ್ವೀಪದಲ್ಲಿ ಮೊದಲಿಂದ ಇದ್ದೋರು ಯಾನಾದಿ ಜನ, ಅವರ ನೆಲ, ಅವರ ಗಿಡಮೂಲಿಕೆ ತಿಳಿವಳಿಕೆ ಎರಡನ್ನೂ ಬಿಟ್ಟು ಶ್ರೀಹರಿಕೋಟಾ ಬಗ್ಗೆ ಮಾತಾಡೋದು ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ.

ಮೇಷ್ಟ್ರೇ, ನಮ್ಮ ತೋಟದ ಮೇಲಿರೋ ಒಂದೆಕರೆ ಶೋಲಾದಲ್ಲಿ ಇರೋವಷ್ಟು ಗಿಡ, ಹಕ್ಕಿ ಆ ಮರಳು ದಿಬ್ಬದಲ್ಲಿ ಇಡೀ ಹುಡುಕಿದ್ರೂ ಸಿಗಲ್ಲ. ಅಂಥ ಬೋಳು ಜಾಗದಲ್ಲಿ ವರ್ಷಗಟ್ಟಲೆ ಕೂತು ಏನು ಓದ್ತಾರೆ?
– ಕಾಫಿ ಬೆಳೆಗಾರರು, ಮೂಡಿಗೆರೆ

ನೀವು ಹೇಳಿದ್ದು ನಿಜ, ಜಾತಿಗಳ ಲೆಕ್ಕದಲ್ಲಿ ನಿಮ್ಮ ಶೋಲಾನೇ ಶ್ರೀಮಂತ. ಆದ್ರೆ ಜಾತಿ ಕಡಿಮೆ ಇದ್ದಾಗ ಯಾರು ಯಾರನ್ನ ತಿಂತಾರೆ, ಯಾರು ಇಲ್ದಿದ್ರೆ ಯಾರು ಸಾಯ್ತಾರೆ ಅನ್ನೋದು ಕಣ್ಣಿಗೆ ಕಾಣುತ್ತೆ, ಶೋಲಾದಲ್ಲಿ ಆ ಎಳೆ ಬಿಡಿಸೋಕೆ ಒಂದು ಜನ್ಮ ಸಾಲಲ್ಲ.

ಅಮೆರಿಕದ ಜಾರ್ಜಿಯಾ ರಾಜ್ಯದ ಸಪೆಲೋ ಅಂತ ಒಂದು ಬ್ಯಾರಿಯರ್ ದ್ವೀಪ. ಅಲ್ಲಿ 1953ರಲ್ಲಿ ಜಾರ್ಜಿಯಾ ಯೂನಿವರ್ಸಿಟಿಯವರು ಸಂಶೋಧನಾ ಕೇಂದ್ರ ಶುರು ಮಾಡಿದ್ರು, ಇಕಾಲಜಿ ಓದಿದೋರಿಗೆಲ್ಲ ಗೊತ್ತಿರೋ ಯೂಜಿನ್ ಓಡಮ್ ಅದರ ಹಿಂದೆ ಇದ್ದೋರು. ದ್ವೀಪದ ಹಿಂಬದಿ ಪೂರ್ತಿ ಉಪ್ಪು ಜೌಗು, ಅದರ ತುಂಬ ಸ್ಪಾರ್ಟಿನಾ ಅನ್ನೋ ಒಂದೇ ಹುಲ್ಲು, ದಿನಕ್ಕೆರಡು ಸಲ ಉಬ್ಬರ ಬಂದು ಬುಡ ಮುಳುಗಿಸಿ ಹೋಗುತ್ತೆ. ಇಷ್ಟು ಹುಲ್ಲು ಯಾರ ಹೊಟ್ಟೆಗೆ ಹೋಗುತ್ತೆ ಅಂತ ಜಾನ್ ಟೀಲ್ ಅನ್ನೋ ವಿಜ್ಞಾನಿ ಲೆಕ್ಕ ಹಾಕಿ 1962ರಲ್ಲಿ ಪ್ರಕಟಿಸಿದ್ರು, ಸೂರ್ಯನ ಶಕ್ತಿ ಹುಲ್ಲಿಗೆ ಬಂದು ಅಲ್ಲಿಂದ ಎಲ್ಲೆಲ್ಲಿಗೆ ಹೋಯ್ತು ಅಂತ ಜಮಾಖರ್ಚು. ಹಸಿ ಹುಲ್ಲು ತಿನ್ನೋರು ಕಡಿಮೆ, ಬಹುಪಾಲು ಹುಲ್ಲು ಸತ್ತು ಕೊಳೆತ ಮೇಲೇನೇ ಏಡಿ, ಸೀಗಡಿಗಳ ಊಟ ಆಗುತ್ತೆ ಅಂತ ಬಂತು. ತುಂಬ ವರ್ಷ ಎಲ್ಲರೂ ಇದನ್ನೇ ಪಾಠ ಮಾಡಿದ್ರು.

ಆಮೇಲೆ ಅದೇ ಹುಲ್ಲಿನ ಮೇಲಿರೋ ಒಂದು ಪುಟ್ಟ ಬಸವನಹುಳು ಕಥೆಯನ್ನ ತಿರುಗಿಸಿಬಿಡ್ತು. ಪೆರಿವಿಂಕಲ್ ಅಂತಾರೆ ಅದನ್ನ, ಬೆರಳ ತುದಿಯಷ್ಟು ಗಾತ್ರ. ಉಬ್ಬರ ಬಂದಾಗ ನೀರಿನ ಜೊತೆ ನೀಲಿ ಏಡಿಗಳು ಬೇಟೆಗೆ ಬರ್ತವೆ, ಆಗ ಈ ಹುಳು ಹುಲ್ಲಿನ ಕಾಂಡ ಹತ್ತಿ ನೀರಿಂದ ಮೇಲೆ ಕೂರುತ್ತೆ. ಅಲ್ಲಿ ಎಲೆಯನ್ನ ಉದ್ದುದ್ದಕ್ಕೆ ಕೆರೆದು ಗಾಯ ಮಾಡುತ್ತೆ, ಆ ಗಾಯದಲ್ಲಿ ಬೂಷ್ಟು ಬೆಳೆಯುತ್ತೆ, ಹುಳುವಿನ ಹಿಕ್ಕೆಯೇ ಅದಕ್ಕೆ ಗೊಬ್ಬರ, ಬೂಷ್ಟು ಬೆಳೆದ ಮೇಲೆ ಬಂದು ಅದನ್ನ ತಿನ್ನುತ್ತೆ. ಒಂದು ಬಸವನಹುಳು ಎಲೆ ಮೇಲೆ ಬೂಷ್ಟು ಸಾಕೊಳ್ಳುತ್ತೆ ಅನ್ನೋದನ್ನ ಸಪೆಲೋದಲ್ಲಿ ನೋಡಿ 2003ರಲ್ಲಿ ಬರೆದ್ರು. ಅದಕ್ಕೂ ಒಂದು ವರ್ಷ ಮುಂಚೆ, ಏಡಿಗಳು ಬರದ ಹಾಗೆ ಬಲೆ ಕಟ್ಟಿ ಹುಳುಗಳನ್ನ ಒಳಗೆ ಬಿಟ್ಟು ನೋಡಿದಾಗ ಸೊಂಪಾಗಿದ್ದ ಜೌಗು ಕೆಲವೇ ತಿಂಗಳಲ್ಲಿ ಬರೀ ಕೆಸರಾಯ್ತು ಅಂತಲೂ ಪ್ರಕಟ ಆಗಿತ್ತು. ಅಂದ್ರೆ ಆ ಹುಲ್ಲು ಹಸಿರಾಗಿ ನಿಂತಿರೋದಕ್ಕೆ ಏಡಿಯದ್ದೂ ದೊಡ್ಡ ಪಾಲಿದೆ. ಇದು ಗೊತ್ತಾಗಿದ್ದು ಒಂದೇ ಜೌಗಿಗೆ ಐವತ್ತು ವರ್ಷ ಜನ ಮತ್ತೆ ಮತ್ತೆ ಹೋಗಿದ್ರಿಂದ ಸಾರ್, ಬೋಳು ಜಾಗದಲ್ಲಿ ಓದೋದು ಇದೇ.

ಸಾರ್ ನಮಸ್ತೆ, ನಾವು ಐದು ಜನ ಫ್ರೆಂಡ್ಸ್ ಫೈನಲ್ ಇಯರ್ ಬಿಎಸ್ಸಿ, ಬಾಟನಿ ಜುವಾಲಜಿ. ಪ್ರಾಜೆಕ್ಟ್‌ಗೆ ಕರಾವಳಿಗೆ ಮೂರ್ನಾಲ್ಕು ದಿನ ಹೋಗೋಣ ಅಂತಿದೀವಿ. ಗೈಡ್ ಸಾರ್ 'ಕಂಡ ಗಿಡಗಳ ಲಿಸ್ಟ್ ಮಾಡ್ಕೊಂಡು ಬನ್ನಿ ಸಾಕು' ಅಂದ್ರು. ಶ್ರೀಹರಿಕೋಟಾಗಂತೂ ಬಿಡಲ್ಲ. ನಮ್ಮ ಕರ್ನಾಟಕದಲ್ಲಿ ಎಲ್ಲಿಗೆ ಹೋಗ್ಬೇಕು, ಏನ್ ಮಾಡ್ಬೇಕು, ಖರ್ಚೂ ಕಮ್ಮಿ ಇರ್ಬೇಕು.
– ವಿದ್ಯಾರ್ಥಿನಿ, ಹಾಸನ

ನೋಡಮ್ಮ, ಲಿಸ್ಟ್ ಮಾಡೋದು ತಪ್ಪಲ್ಲ, ಆದ್ರೆ ಯಾವ ಗಿಡ ಸಮುದ್ರದಿಂದ ಎಷ್ಟು ದೂರದಲ್ಲಿ, ಎಷ್ಟು ಎತ್ತರದಲ್ಲಿ ಇತ್ತು ಅಂತ ಬರೆಯದೇ ಇದ್ರೆ ಆ ಲಿಸ್ಟಿಂದ ಏನೂ ಗೊತ್ತಾಗಲ್ಲ.

ನಮ್ಮ ದಂಡೇಲಿ ಪ್ಯಾಡ್ರೆ, ಸಪೆಲೋ ಥರದ ದೊಡ್ಡ ಬ್ಯಾರಿಯರ್ ದ್ವೀಪಗಳಿಲ್ಲ. ಆದ್ರೆ ಅದೇ ರೀತಿ ಹುಟ್ಟಿದ, ಒಂದು ತುದಿ ಮಾತ್ರ ನೆಲಕ್ಕೆ ತಾಗಿರೋ ಮರಳು ನಾಲಿಗೆಗಳಿವೆ, ಕರಾವಳಿಯೋರು ಬೆಂಗ್ರೆ ಅಂತಾರೆ. ಮಂಗಳೂರಲ್ಲಿ ತಣ್ಣೀರುಬಾವಿ ಬೆಂಗ್ರೆ, ಉಡುಪಿ ಕಡೆ ಕೋಡಿ ಬೆಂಗ್ರೆ. ಕೋಡಿ ಬೆಂಗ್ರೇಲಿ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ, ಸೀತಾ ನದಿ. ತಣ್ಣೀರುಬಾವಿಗೆ ಸುಲ್ತಾನ್ ಬತ್ತೇರಿಯಿಂದ ದೋಣಿ ಇದೆ, ಹಾಸನದಿಂದ ರೈಲಲ್ಲಿ ಹೋದ್ರೆ ಖರ್ಚೂ ಹಗುರ. ನವೆಂಬರಿಂದ ಫೆಬ್ರವರಿ ಒಳಗೆ ಹೋಗಿ, ಮಳೆಗಾಲದಲ್ಲಿ ಬೇಡವೇ ಬೇಡ.

ನೀರಿನ ಅಂಚಿಂದ ಶುರು ಮಾಡಿ ನದಿ ಕಡೆ ಕೆಸರು ಮುಟ್ಟೋವರೆಗೆ ಬೆಂಗ್ರೆಗೆ ಅಡ್ಡಡ್ಡ ಒಂದು ಹಗ್ಗ ಎಳೀರಿ, ಅದೇ ನಿಮ್ಮ ಟ್ರಾನ್ಸೆಕ್ಟ್. ಐದೈದು ಮೀಟರ್‌ಗೆ ಒಂದು ಮೀಟರ್ ಚೌಕದ ಪಿವಿಸಿ ಪೈಪ್ ಫ್ರೇಮ್ ಇಟ್ಟು ಒಳಗಿರೋ ಗಿಡ, ಬಿಲ, ಚಿಪ್ಪು, ಕಸ, ಎಲ್ಲಾ ಎಣಿಸಿ, ಬರೀ ಮರಳಿದ್ರೆ 'ಬರೀ ಮರಳು' ಅಂತಲೇ ಬರೀರಿ, ಬಿಡಬೇಡಿ. ಎತ್ತರ ಅಳೆಯೋಕೆ ದುಡ್ಡಿನ ಇನ್ಸ್ಟ್ರುಮೆಂಟ್ ಬೇಡ. ಎಮೆರಿ ಅನ್ನೋ ವಿಜ್ಞಾನಿ 1961ರಲ್ಲಿ ಹೇಳ್ಕೊಟ್ಟ ಉಪಾಯ ಇದೆ: ಒಂದೇ ಉದ್ದದ ಎರಡು ಕೋಲು, ಮೇಲಿಂದ ಕೆಳಕ್ಕೆ ಸೆಂಟಿಮೀಟರ್ ಗುರುತು, ನಡುವೆ ಎರಡು ಮೀಟರ್ ಹಗ್ಗ. ಒಬ್ರು ಸಮುದ್ರದ ಕಡೆ ಕೋಲು ನೆಟ್ಟಗೆ ಹಿಡೀಬೇಕು, ಇನ್ನೊಬ್ರು ಮೇಲ್ಗಡೆ ಕೋಲಿನ ಪಕ್ಕ ನಿಂತು, ಆ ಕಡೆ ಕೋಲಿನ ತುದಿ ಮತ್ತೆ ದಿಗಂತದ ಗೆರೆ ಎರಡೂ ಒಂದೇ ಸಾಲಿಗೆ ಬರೋ ಹಾಗೆ ನೋಡಿ ತಮ್ಮ ಕೋಲಲ್ಲಿ ಎಷ್ಟನೇ ಗುರುತಿಗೆ ಬಂತು ಅಂತ ಓದ್ಬೇಕು, ತುದಿಯಿಂದ ಅದೆಷ್ಟು ಕೆಳಗಿದೆಯೋ ಅಷ್ಟೇ ಅಲ್ಲಿನ ಇಳಿಜಾರು. ಹೀಗೇ ಹೆಜ್ಜೆ ಹೆಜ್ಜೆಗೂ ಮಾಡ್ಕೊಂಡು ಹೋದ್ರೆ ದಂಡೆಯ ಪ್ರೊಫೈಲ್ ಕಾಗದದ ಮೇಲೆ ಬರುತ್ತೆ. ದಿಗಂತ ಕಾಣದ ಹಿಂಬದಿಯಲ್ಲಿ ಮೇಸ್ತ್ರಿಗಳ ನೀರಿನ ಟ್ಯೂಬ್ ಲೆವೆಲ್ ಸಾಕು.

ಆ ಗೆರೆ ಮೇಲೆ ನಿಮಗೆ ಕಾಣೋದನ್ನ ಸ್ವಲ್ಪ ಹೇಳ್ತೀನಿ. ಒದ್ದೆ ಮರಳಲ್ಲಿ ಗಿಡ ಇರಲ್ಲ, ಕೈಯಲ್ಲಿ ಕೆದಕಿದ್ರೆ ಸಣ್ಣ ಚಿಪ್ಪಿನ ಜೀವಿಗಳು ಸಿಗ್ತವೆ. ಸ್ವಲ್ಪ ಮೇಲೆ ಬಂದ್ರೆ ಗೋಸ್ಟ್ ಏಡಿ ಬಿಲಗಳು, ಬಿಲದ ಬಾಯಿ ಅಗಲ ಅಳೀರಿ, ಏಡಿ ದೊಡ್ಡದಿದ್ದಷ್ಟೂ ಬಾಯಿ ಅಗಲ. ಜನ, ಗಾಡಿ ಓಡಾಡೋ ಕಡೆ ಬಿಲ ಕಡಿಮೆ ಆಗ್ತವೆ ಅಂತ ಬೇರೆ ಬೇರೆ ದೇಶದ ದಂಡೆಗಳಲ್ಲಿ ನೋಡಿದಾರೆ, ನೀವು ಟೂರಿಸ್ಟ್ ಇರೋ ಕಡೆ ಒಂದು ಗೆರೆ, ಇಲ್ಲದ ಕಡೆ ಒಂದು ಗೆರೆ ಎಳೆದ್ರೆ ಅದೇ ಒಂದು ಪೂರ್ತಿ ಪ್ರಾಜೆಕ್ಟ್. ಅಲ್ಲಿಂದ ಮೇಲೆ ಉಬ್ಬರ ಮುಟ್ಟದ ಜಾಗದಲ್ಲಿ ಅಡುಂಬು ಬಳ್ಳಿ. ತುದಿ ಸೀಳಿರೋ ದಪ್ಪ ಎಲೆ, ನೇರಳೆ ಹೂವು, ಬೆಳಗ್ಗೆ ಅರಳಿ ಮಧ್ಯಾಹ್ನದ ಬಿಸಿಲಿಗೆ ಮುದುಡುತ್ತೆ. ಒಂದು ಬಳ್ಳಿ ಹಿಡಿದು ಮೆಲ್ಲಗೆ ಎತ್ತಿ ನೋಡಿ, ಕೀಳಬೇಡಿ, ಗೆಣ್ಣು ಗೆಣ್ಣಿಗೂ ಬೇರು ಇಳಿಸಿರುತ್ತೆ, ಗಾಳಿ ತಂದ ಮರಳು ಅದನ್ನ ಮುಚ್ಚಿದ್ರೆ ಹೊಸ ಗೆಣ್ಣಿಂದ ಮೇಲೆ ಬಂದು ಇನ್ನಷ್ಟು ಮರಳು ಹಿಡಿಯುತ್ತೆ. ದಿಬ್ಬ ಎದ್ದು ನಿಲ್ಲೋದೇ ಹೀಗೆ. ಅದರ ಪಕ್ಕದಲ್ಲೇ ರಾವಣನ ಮೀಸೆ ಅನ್ನೋ ಚುಚ್ಚೋ ಹುಲ್ಲು, ಗಂಡು ಗಿಡ ಬೇರೆ ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ಮುಳ್ಳು ಚೆಂಡು ಒಣಗಿ ಕಳಚಿದ ಮೇಲೆ ಗಾಳಿಗೆ ದಂಡೆ ಉದ್ದಕ್ಕೂ ಉರುಳ್ತಾ ಬೀಜ ಉದುರಿಸ್ತಾ ಹೋಗುತ್ತೆ, ಒಂದರ ಹಿಂದೆ ಓಡಿ ಎಲ್ಲಿ ನಿಂತಿತು ಅಂತ ಅಳೀರಿ, ಚೆನ್ನಾಗಿರುತ್ತೆ.

ದಿಬ್ಬ ದಾಟಿದ ಕೂಡಲೇ ಉಪ್ಪಿನ ಗಾಳಿ ಕಡಿಮೆ ಆಗಿ ಎಕ್ಕ, ಲಕ್ಕಿ, ಕೇದಿಗೆ, ಸುರಹೊನ್ನೆ, ತೆಂಗು ಶುರುವಾಗ್ತವೆ. ಆಮೇಲೆ ನದಿ ಕಡೆ ಕೆಸರು, ಅಲ್ಲಿ ಕಾಂಡ್ಲಾ, ಅಂದ್ರೆ ಮ್ಯಾಂಗ್ರೋವ್ ಗಿಡಗಳು ಇದ್ರೆ ನಿಮ್ಮ ಅರ್ಧ ದಿನ ಅಲ್ಲೇ ಹೋಗ್ಲಿ. ಕೆಲವಕ್ಕೆ ಕಾಂಡದಿಂದ ಊರುಗೋಲು ಬೇರು, ಕೆಲವಕ್ಕೆ ಕೆಸರಿಂದ ಮೇಲಕ್ಕೆ ಚಾಚಿರೋ ಉಸಿರಾಡೋ ಬೇರು. ಈ ಎರಡನೇ ಜಾತಿಯ ಎಲೆ ಮೇಲೆ ಬೆರಳು ಸವರಿ ನಾಲಿಗೆಗೆ ಇಟ್ಕೊಳ್ಳಿ, ಉಪ್ಪು. ಹೀರಿದ ನೀರಿನ ಉಪ್ಪನ್ನ ಎಲೆಯಿಂದ ಹೊರಹಾಕುತ್ತೆ, ಬಿಸಿಲಲ್ಲಿ ಹರಳು ಹೊಳೆಯೋದೂ ಕಾಣುತ್ತೆ. ಕೆಸರಲ್ಲಿ ಒಂದೇ ಕೊಂಡಿ ದೊಡ್ಡದಿರೋ ಫಿಡ್ಲರ್ ಏಡಿ ಗಂಡುಗಳು ಕೈ ಬೀಸ್ತಾ ನಿಂತಿರ್ತವೆ, ನೀವು ಅಲ್ಲಾಡದೆ ಹತ್ತು ನಿಮಿಷ ಕೂತ್ರೆ ಮಾತ್ರ ಹೊರಗೆ ಬರ್ತವೆ.

ಹೋಗೋ ಮುಂಚೆ ಉಬ್ಬರ ಇಳಿತದ ಟೇಬಲ್ ನೋಡ್ಕೊಳ್ಳಿ, ಎರಡು ಉಬ್ಬರದ ನಡುವೆ ಹನ್ನೆರಡೂವರೆ ಗಂಟೆ ಹತ್ತಿರ, ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಇಳಿತದ ಹೊತ್ತಲ್ಲಿ ಕೆಲಸ ಮಾಡಿ. ಅಳಿವೆ ಹತ್ರ, ಅಂದ್ರೆ ನದಿ ಸಮುದ್ರ ಸೇರೋ ಬಾಯಲ್ಲಿ, ಯಾರೂ ನೀರಿಗೆ ಇಳೀಬೇಡಿ, ಸೆಳೆತ ಮೇಲಿಂದ ಕಾಣಲ್ಲ. ಅಲ್ಲಿನ ಮೀನುಗಾರ ಮನೆಯೋರನ್ನ ಮೊದಲೇ ಮಾತಾಡಿಸಿ, ಯಾವ ವರ್ಷ ಮರಳು ಎಲ್ಲಿತ್ತು ಅಂತ ಅವರಿಗೆ ಬಾಯಿಪಾಠ, ಅವರು ಹೇಳಿದ್ದನ್ನೂ ರಿಪೋರ್ಟಲ್ಲಿ ಬರೀರಿ, ಹೇಳಿದ್ದು ಅವರು ಅಂತಲೂ ಬರೀರಿ.

ನನ್ನ ತಂಗಿ ಕೊಟ್ಟಿರೋದು ಬೆಂಗ್ರೆ ಕಡೆ. ಒಂದು ಪಕ್ಕ ಸಮುದ್ರ ಇನ್ನೊಂದು ಪಕ್ಕ ಉಪ್ಪು ಹೊಳೆ, ಆದ್ರೂ ಅವರ ಬಾವಿ ನೀರು ಸಿಹಿ. ಇದು ಹೇಗೆ ಸಾಧ್ಯ?
– ಗೃಹಿಣಿ, ಬೇಲೂರು

ಮಳೆ ನೀರಮ್ಮ. ಮರಳಲ್ಲಿ ಇಂಗಿದ ಸಿಹಿ ನೀರು ಉಪ್ಪು ನೀರಿಗಿಂತ ಹಗುರ, ಅದಕ್ಕೆ ಕೆಳಗಿನ ಉಪ್ಪು ನೀರಿನ ಮೇಲೆ ತೇಲ್ಕೊಂಡು ನಿಲ್ಲುತ್ತೆ. ಸಿಹಿ ನೀರಿನ ಮಟ್ಟ ಸಮುದ್ರದ ಮಟ್ಟಕ್ಕಿಂತ ಒಂದು ಮೀಟರ್ ಮೇಲಿದ್ರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿ ಇರಬಹುದು ಅಂತ ಲೆಕ್ಕ. ಆದ್ರೆ ಇದೇ ಲೆಕ್ಕ ಉಲ್ಟಾನೂ ಕೆಲಸ ಮಾಡುತ್ತೆ, ಪಂಪ್ ಹಾಕಿ ಒಂದು ಮೀಟರ್ ಇಳಿಸಿದ್ರೆ ಕೆಳಗಿಂದ ಉಪ್ಪು ಅಷ್ಟೇ ಜೋರಾಗಿ ಮೇಲೆ ಬರುತ್ತೆ. ಹಗ್ಗ ಕೊಡಪಾನ ಇದ್ದ ಕಾಲದಲ್ಲಿ ಸಿಹಿ ಇದ್ದ ಬಾವಿ ಮೋಟರ್ ಬಂದ ಮೇಲೆ ಉಪ್ಪುಪ್ಪಾಗೋದು ಇದಕ್ಕೇ. ದಿಬ್ಬದ ಹಿಂದಿನ ತಗ್ಗಲ್ಲಿ ಬೆಳೆಯೋ ಮರಗಳೂ ಈ ಸಿಹಿ ನೀರಿನ ಮೇಲೇ ಬದುಕಿರೋದು. ತಂಗಿಗೆ ಹೇಳಿ, ಬೇಸಿಗೇಲಿ ಸ್ವಲ್ಪ ಸ್ವಲ್ಪವೇ ಎತ್ತಲಿ.

ಇದೆಲ್ಲ ಕರಾವಳಿಯೋರ ವಿಷಯ. ಸಕಲೇಶಪುರದಲ್ಲಿರೋ ನಮಗೆ ಏನು ಸಂಬಂಧ ಅಂತ ಕೇಳಿದ್ರೆ ಬೇಜಾರ್ ಮಾಡ್ಕೋಬೇಡಿ.
– ಓದುಗರೊಬ್ಬರು, ಸಕಲೇಶಪುರ

ಬೇಜಾರಿಲ್ಲ, ಈ ಪ್ರಶ್ನೆಗೆ ಉತ್ತರ ಬರೀಬೇಕು ಅಂತ ನಾನೇ ಕಾಯ್ತಿದ್ದೆ. ನಿಮ್ಮೂರಿನ ಮರಳೇ ಸ್ವಾಮಿ ಅದು!

ಶಿರಾಡಿ ಘಾಟಲ್ಲಿ ಇಳೀವಾಗ ರೋಡಿನ ಪಕ್ಕದಲ್ಲಿ ಕೆಂಪುಹೊಳೆ ಹರೀತಿರುತ್ತಲ್ಲ. ಎತ್ತಿನಹೊಳೆ ನೀರೂ ಆ ಕಡೆಯೇ ಹೋಗಿ ಗುಂಡ್ಯ ಹೊಳೆ ಆಗಿ ಕುಮಾರಧಾರಾ ಸೇರಿ, ಉಪ್ಪಿನಂಗಡೀಲಿ ನೇತ್ರಾವತಿ ಸೇರುತ್ತೆ. ನೇತ್ರಾವತಿ ಹುಟ್ಟೋದು ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ಶ್ರೇಣೀಲಿ. ಮಂಗಳೂರಲ್ಲಿ ನೇತ್ರಾವತಿ, ಫಲ್ಗುಣಿ ಎರಡೂ ಒಂದೇ ಅಳಿವೇಲಿ ಸಮುದ್ರಕ್ಕೆ ಬೀಳ್ತವೆ, ಆ ಬಾಯಿಯ ಉತ್ತರಕ್ಕೆ ಬೆಂಗ್ರೆ, ದಕ್ಷಿಣಕ್ಕೆ ಉಳ್ಳಾಲ. ಘಟ್ಟದ ಬಂಡೆ ಮಳೆಗೆ ಬಿಸಿಲಿಗೆ ಪುಡಿಯಾಗಿ, ಮೆತ್ತಗಿರೋ ಖನಿಜವೆಲ್ಲ ಜೇಡಿಯಾಗಿ ಹೋಗಿ, ಗಟ್ಟಿ ಬೆಣಚುಕಲ್ಲಿನ ಕಣ ಮಾತ್ರ ಉಳಿದು ಕೆಳಗೆ ಹೋಗುತ್ತೆ. ಅದರಲ್ಲಿ ಬಹುಪಾಲು ಹೋಗೋದು ಮಳೆಗಾಲದ ನಾಲ್ಕು ತಿಂಗಳಲ್ಲೇ. ಗುಡ್ಡದ ನೆತ್ತಿಯಿಂದ ಈ ಕಡೆ ಬಿದ್ದ ಮಳೆ ಹೇಮಾವತಿಗೆ ಹೋಗಿ, ಅದು ತಂದ ಮರಳು ಗೊರೂರು ಡ್ಯಾಮಲ್ಲಿ ಕೂರುತ್ತೆ, ಆ ಕಡೆ ಬಿದ್ದಿದ್ದು ಅರಬ್ಬಿ ಸಮುದ್ರದ ದಂಡೆ ಕಟ್ಟುತ್ತೆ.

ಈಗ ನೀವೇ ಯೋಚನೆ ಮಾಡಿ, ಹೊಳೇಲಿ ಲಾರಿಗಟ್ಟಲೆ ಮರಳು ಎತ್ತಿದ್ರೆ, ದಾರೀಲಿ ಕಿಂಡಿ ಅಣೆಕಟ್ಟು ಕಟ್ಟಿದ್ರೆ, ಕೆಳಗೆ ಹೋಗೋ ಪಾಲು ಕಡಿಮೆ ಆಗ್ಲೇಬೇಕು. ಮಳೆಗಾಲದ ಅಲೆ ಪ್ರತಿ ವರ್ಷ ದಂಡೆ ಮರಳನ್ನ ಒಳಕ್ಕೆ ಎಳ್ಕೊಂಡು ಹೋಗುತ್ತೆ, ಬೇಸಿಗೆ ಕಡೆ ಶಾಂತ ಅಲೆ ವಾಪಸ್ ತಂದು ಹಾಕುತ್ತೆ, ಇದು ಮಾಮೂಲಿ. ವಾಪಸ್ ಬರೋ ಲೆಕ್ಕದಲ್ಲಿ ಕೊರತೆ ಬಿದ್ದಾಗ ಮನೆ, ತೆಂಗು, ರೋಡು ಹೋಗ್ತವೆ. ಪ್ರತಿ ಜೂನ್, ಜುಲೈಯಲ್ಲಿ ಉಳ್ಳಾಲದ ಕಡಲ್ಕೊರೆತದ ಸುದ್ದಿ ನೋಡ್ತೀವಲ್ಲ, ಅದಕ್ಕೆ ಅಲೆ, ಬಂದರಿನ ಬ್ರೇಕ್‌ವಾಟರ್ ಅನ್ನೋ ಅಲೆ ತಡೆಯೋ ಗೋಡೆ, ಹೀಗೆ ಹಲವು ಕಾರಣ ಸೇರಿರ್ತವೆ, ನದಿ ತರೋ ಮರಳಿನ ಕೊರತೆಯೂ ಅಂಥ ಒಂದು ಕಾರಣ. ಕಲ್ಲು ಸುರಿದ್ರೆ ಸುರಿದ ಜಾಗ ನಿಲ್ಲಬಹುದು, ಪಕ್ಕದ ಜಾಗಕ್ಕೆ ಹೋಗ್ಬೇಕಾದ ಮರಳು ಮಾತ್ರ ತಪ್ಪುತ್ತೆ. ಅಮೆರಿಕದ ಹ್ಯಾಟರಸ್ ಅನ್ನೋ ಬ್ಯಾರಿಯರ್ ದ್ವೀಪದಲ್ಲಿ 1870ರ ದೀಪಸ್ತಂಭದ ಬುಡಕ್ಕೇ ಸಮುದ್ರ ಬಂದಾಗ ಗೋಡೆ ಕಟ್ಟೋದರ ಬದಲು 1999ರಲ್ಲಿ ಇಡೀ ದೀಪಸ್ತಂಭವನ್ನೇ ಹಳಿ ಮೇಲಿಟ್ಟು ಸುಮಾರು 880 ಮೀಟರ್ ದೂರ ಸರಿಸಿದ್ರು. ದೀಪಸ್ತಂಭ ಸರಿಸಬಹುದು, ಮೀನುಗಾರರ ಕೇರಿ ಹಾಗೆ ಎತ್ತಿ ಇಡೋಕೆ ಬರಲ್ಲ, ಅವರಿಗೆ ಬೋಟು ಕಣ್ಣೆದುರಿಗೇ ಇರ್ಬೇಕು. ಅದಕ್ಕೇ ಘಟ್ಟದ ಹೊಳೆ ಮರಳಿನ ವಿಷಯ ಬಂದಾಗ ಸಕಲೇಶಪುರದ ಸಭೆಯಲ್ಲಿ ಉಳ್ಳಾಲದ ಹೆಸರೂ ಬರ್ಬೇಕು ಅಂತ ನಾನು ಹೋದಲ್ಲೆಲ್ಲ ಹೇಳ್ತೀನಿ.

ಕಡಲ್ಕೊರೆತ ತಡೆಯೋಕೆ ದಂಡೆ ತುಂಬ ಸರ್ವೆ ಮರ ಹಾಕಿರೋದು ನೋಡಿದೀನಿ. ಇದು ಒಳ್ಳೇದಾ ಕೆಟ್ಟದ್ದಾ?
– ಆಲ್ದೂರು, ಚಿಕ್ಕಮಗಳೂರು ಜಿಲ್ಲೆ

ನಿಮ್ಮ ತೋಟದಲ್ಲಿ ಹಳೇ ಕಾಡುಮರದ ನೆರಳು ತೆಗೆದು ಸಿಲ್ವರ್ ಓಕ್ ಹಾಕಿದ್ರೆ ಏನಾಗುತ್ತೋ ಅಲ್ಲೂ ಅದೇ. ಬೇಗ ಬೆಳೆಯುತ್ತೆ, ಸೌದೆ, ಕಂಬಕ್ಕೆ ಆಗುತ್ತೆ, ಗಾಳಿ ತಡೆಯುತ್ತೆ, ಆದ್ರೆ ಅದರ ಕೆಳಗೆ ಬೇರೆ ಜೀವ ಕಡಿಮೆ. ಸರ್ವೆಯ ಸೂಜಿ ಕಸ ದಪ್ಪಗೆ ಬಿದ್ದ ಕಡೆ ಅಡುಂಬು, ರಾವಣನ ಮೀಸೆ ಬರಲ್ಲ. ಆಮೆ ಮೊಟ್ಟೆ ಇಡೋ ತೆರೆದ ಮರಳಿನವರೆಗೂ ಸರ್ವೆ ನೆಟ್ಟರೆ ಆಮೆಗೆ ಜಾಗವೇ ಇರಲ್ಲ. ಊರಿನ ಪಕ್ಕ, ದಿಬ್ಬದ ಹಿಂದೆ ಒಂದು ಸಾಲು ಇರಲಿ, ನಂಗೇನೂ ತಕರಾರಿಲ್ಲ, ಆದ್ರೆ ಮುಂದಿನ ದಿಬ್ಬವನ್ನ ಬಳ್ಳಿಗೂ ಹುಲ್ಲಿಗೂ ಬಿಟ್ಟುಬಿಡಬೇಕು. ಮರಳು ಹಿಡಿಯೋ ಕೆಲಸ ಅವಕ್ಕೆ ಬರೋವಷ್ಟು ಮರಕ್ಕೆ ಬರಲ್ಲ.

ಅಣ್ಣಾ, ನಾವು ಬೈಕ್ ರೈಡರ್ಸ್ ಗ್ರೂಪ್. ಆಮೆ ಮೊಟ್ಟೆ ಇಡೋದು ನೋಡೋಕೆ ರಾತ್ರಿ ಬೀಚಿಗೆ ಹೋಗ್ಬೇಕು ಅಂತಿದೀವಿ. ಮರಿ ಸಿಕ್ಕಿದ್ರೆ ನೀರಿಗೆ ಬಿಟ್ಟು ವಿಡಿಯೋ ಮಾಡಬಹುದಾ?
– ಚಿಕ್ಕಮಗಳೂರು

ಮಾಡಬೇಡಿ ತಮ್ಮಾ. ನಮ್ಮ ದಂಡೆಗೆ ಬರೋದು ಆಲಿವ್ ರಿಡ್ಲಿ ಆಮೆ, ವನ್ಯಜೀವಿ ಕಾಯ್ದೆ 1972ರ ಮೊದಲ ಶೆಡ್ಯೂಲಲ್ಲಿದೆ, ಮೊಟ್ಟೆ ಮುಟ್ಟೋದು, ಮರಿ ಹಿಡಿಯೋದು ಅಪರಾಧ. ಕಾನೂನು ಬಿಡಿ, ಕಾರಣ ಕೇಳಿ. ಒಂದು ಗೂಡಲ್ಲಿ ನೂರರ ಆಸುಪಾಸು ಮೊಟ್ಟೆ, ಮರಳಿನ ಬಿಸಿಯಲ್ಲೇ 45ರಿಂದ 60 ದಿನ ಬಲಿತು ಮರಿ ಆಗ್ತವೆ, ಮರಳು ಜಾಸ್ತಿ ಬಿಸಿ ಇದ್ರೆ ಹೆಣ್ಣು, ತಂಪಿದ್ರೆ ಗಂಡು. ಮರಿ ಹೊರಬಂದ ಕೂಡಲೇ ಬೆಳಕು ಹೆಚ್ಚಿರೋ ದಿಕ್ಕಿಗೆ ಓಡುತ್ತೆ, ಕತ್ತಲ ದಂಡೇಲಿ ಅದು ಸಮುದ್ರದ ದಿಗಂತ. ನಿಮ್ಮ ಬೈಕ್ ಹೆಡ್‌ಲೈಟ್, ಮೊಬೈಲ್ ಟಾರ್ಚ್ ಇದ್ರೆ ಅದು ನಿಮ್ಮ ಕಡೆ ಬರುತ್ತೆ, ಬೆಳಗಾದ್ರೆ ಕಾಗೆ, ನಾಯಿ ಪಾಲು. ಮೊಟ್ಟೆ ಇಡೋಕೆ ಬಂದ ತಾಯಿನೂ ಬೆಳಕು, ಓಡಾಟ ಕಂಡ್ರೆ ಇಡದೇ ವಾಪಸ್ ಹೋಗ್ಬಿಡುತ್ತೆ.

ನಿಜವಾಗ್ಲೂ ನೋಡ್ಬೇಕು ಅಂದ್ರೆ ಮೊದಲೇ ಅರಣ್ಯ ಇಲಾಖೆಯೋರನ್ನ ಕೇಳಿ, ಸ್ಥಳೀಯ ಮೀನುಗಾರ ಹುಡುಗರ ಜೊತೆ ಗೂಡು ಕಾಯೋ ಕೆಲಸಕ್ಕೆ ಹೋಗಿ, ಬೈಕು ರೋಡಲ್ಲೇ ನಿಲ್ಲಿಸಿ. ಒಡಿಶಾದ ಗಹೀರ್‌ಮಠದಲ್ಲಿ, 1997ರಲ್ಲಿ ಸಮುದ್ರ ಅಭಯಾರಣ್ಯ ಆದ ಜಾಗ ಅದು, ಲಕ್ಷಗಟ್ಟಲೆ ಆಮೆ ಒಟ್ಟಿಗೆ ಬರ್ತವೆ. ಅವು ಮೊಟ್ಟೆ ಇಡೋದು ನಾಸಿ ಅನ್ನೋ ಮರಳು ದ್ವೀಪಗಳ ಮೇಲೆ, ಚಂಡಮಾರುತ ಬಂದ್ರೆ ಆ ಮರಳೇ ಕೊಚ್ಚಿ ಹೋಗಿ ತುಂಡಾಗುತ್ತೆ. ಅಂಥ ಜಾಗ ಹುಡ್ಕೊಂಡು ಬರೋ ಪ್ರಾಣಿಗೆ ನಾವು ಕತ್ತಲು ಒಂದಾದ್ರೂ ಬಿಟ್ಟುಕೊಡೋಣ.

ಮಗಳು ಇದೇ ಓದ್ತೀನಿ ಅಂತಿದಾಳೆ. ಎಲ್ಲಿ ಸೇರಿಸ್ಬೇಕು, ಕೆಲಸ ಸಿಗುತ್ತಾ?
– ತಂದೆ, ಕಡೂರು

ಮೊದಲು ಬಿಎಸ್ಸಿ ಗಟ್ಟಿ ಮಾಡ್ಲಿ. ಆಮೇಲೆ ಕಾರವಾರದಲ್ಲಿ ಸಾಗರ ಜೀವವಿಜ್ಞಾನ, ಕೊಚ್ಚಿಯ ಕುಸಾಟ್ ಯೂನಿವರ್ಸಿಟಿ, ತಮಿಳುನಾಡಿನ ಪರಂಗಿಪೇಟೆಯಲ್ಲಿ ಅಣ್ಣಾಮಲೈ ಯೂನಿವರ್ಸಿಟಿಯ ಕೇಂದ್ರ, ಇವೆಲ್ಲ ಇವೆ. ಸಂಶೋಧನೆಗೆ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ, ಚೆನ್ನೈಯಲ್ಲಿ ಕರಾವಳಿ ನಿರ್ವಹಣೆಯ ರಾಷ್ಟ್ರೀಯ ಕೇಂದ್ರ. ಕೆಲಸ ಇಂಜಿನಿಯರಿಂಗ್ ಥರ ಕ್ಯಾಂಪಸ್ಸಿಗೇ ಬರಲ್ಲ, ಪ್ರಾಜೆಕ್ಟ್ ಫೆಲೋ ಅಂತ ಶುರುವಾಗುತ್ತೆ, ಸಂಬಳ ಸಾಧಾರಣ, ಇದನ್ನ ಮಗಳಿಗೆ ಈಗ್ಲೇ ಹೇಳಿ. ಹೇಳಿದ ಮೇಲೂ ಹೋಗ್ತೀನಿ ಅಂದ್ರೆ ದಯವಿಟ್ಟು ಕಳಿಸಿ ಸಾರ್. ಜೊತೆಗೆ ಈಜು ಕಲಿಸಿ, ಮ್ಯಾಪ್ ಮಾಡೋ ಜಿಐಎಸ್ ಕಲಿಸಿ.

ನಾನು ಹಳ್ಳಿ ಶಾಲೆ ಟೀಚರ್. ಮಕ್ಕಳಲ್ಲಿ ತುಂಬ ಜನ ಸಮುದ್ರ ನೋಡಿಲ್ಲ, ಕರ್ಕೊಂಡು ಹೋಗೋಕೆ ನಮ್ಮ ಹತ್ರ ದುಡ್ಡೂ ಇಲ್ಲ. ಇದನ್ನ ಪಾಠ ಮಾಡೋದು ಹೇಗೆ?
– ಅರಸೀಕೆರೆ ತಾಲ್ಲೂಕು

ನಿಮ್ಮೂರ ಕೆರೆಯಿಂದ ಶುರು ಮಾಡಿ ಮೇಡಂ. ನೀರಿನ ಅಂಚಿಂದ ಹೊಲದ ಬದುವಿನವರೆಗೆ ಹಗ್ಗ ಎಳೆದ್ರೆ ಅಲ್ಲೂ ಸಾಲು ಸಾಲು ಕಾಣುತ್ತೆ: ನೀರೊಳಗಿನ ಗಿಡ, ಜೊಂಡು, ಒದ್ದೆ ಮಣ್ಣಿನ ಗರಿಕೆ, ಆಮೇಲೆ ಜಾಲಿ. ಯಾವ ಸಾಲಲ್ಲಿ ಯಾವ ಹಕ್ಕಿ ಮೇಯ್ತಿದೆ ಅಂತ ಮಕ್ಕಳೇ ಬರೀಲಿ. ಮಳೆ ಆದ ಮೇಲೆ ಒಂದು ಸಲ, ಬೇಸಿಗೇಲಿ ಒಂದು ಸಲ ಅದೇ ಜಾಗದಲ್ಲೇ ಹಗ್ಗ ಬೀಳ್ಬೇಕು, ಅದಕ್ಕೆ ಎರಡು ಗೂಟ ಹೊಡೆದು ಬಿಡಿ. ನೀರು ಹಿಂದೆ ಸರಿದ ಹಾಗೆ ಗಿಡಗಳ ಸಾಲೂ ಜಾಗ ಬದಲಾಯಿಸೋದನ್ನ ಕಂಡ ಮಕ್ಕಳಿಗೆ ಬ್ಯಾರಿಯರ್ ದ್ವೀಪದ ಚಿತ್ರ ಬೋರ್ಡ್ ಮೇಲೆ ಬರೆದ್ರೆ ಬೇಗ ಅರ್ಥ ಆಗುತ್ತೆ. ಹಳ್ಳದ ಮರಳು ಒಂದು ಹಿಡಿ ತರಿಸಿ, ಹಳೇ ಸ್ಪೀಕರಿನ ಮ್ಯಾಗ್ನೆಟ್ ಆಡಿಸಿ ತೋರಿಸಿ, ಕಪ್ಪು ಕಣಗಳು ಅಂಟ್ಕೊಳ್ತವೆ, ಬಿಳಿ ಬೆಣಚು ಉಳಿಯುತ್ತೆ, ಅಲ್ಲಿಂದ ಹೊಳೆ, ಹೊಳೆಯಿಂದ ಸಮುದ್ರದ ಮಾತು ತೆಗೀಬಹುದು.

ಮಕ್ಕಳು ಬರೆದ ಪಟ್ಟಿ, ಗಿಡದ ಎಲೆ ಹೂವಿನ ಫೋಟೋ ಪತ್ರಿಕೆ ವಿಳಾಸಕ್ಕೆ ಕಳಿಸಿ, ಹೆಸರು ಗುರುತಿಸೋಕೆ ಕಷ್ಟ ಆದವನ್ನ ನಾನು ನೋಡಿ ಬರೆದು ಕಳಿಸ್ತೀನಿ. ಫೋಟೋದಲ್ಲಿ ಗಿಡದ ಪಕ್ಕ ಒಂದು ಸ್ಕೇಲ್ ಇಡೋಕೆ ಹೇಳಿ.